ಸವಳು ನೆಲಕ್ಕೆ ಗೋಧಿ ತಳಿ ಮಾಡುವುದು: ಒಳ್ಳೆ ಗಿಡವೋ, ಒಳ್ಳೆ ಜಾಗವೋ?

ನವಲಗುಂದ ತಾಲೂಕಿನಲ್ಲಿ ನಮ್ಮದು ಐದು ಎಕರೆ ಎರೆ ಹೊಲ. ಅದರಲ್ಲಿ ಕಾಲುವೆ ಕಡೆಯ ಮುಕ್ಕಾಲು ಎಕರೆ ಸವಳು ಹಿಡಿದಿದೆ. ಮಲಪ್ರಭಾ ನೀರು ಬಂದ ಮೇಲೆ ನಮ್ಮ ಕಡೆ ಇಂಥ ತುಂಡುಗಳು ಬಹಳ ಹೊಲಗಳಲ್ಲಿ ಆದವು. ನೀರು ಹಾಯಿಸಿದೆವು, ಅದು ಬಸಿದು ಹೋಗಲು ದಾರಿ ಮಾಡಲಿಲ್ಲ. ತಳದಲ್ಲಿದ್ದ ಉಪ್ಪು ಮೇಲೆ ಬಂತು.

ಮದುವೆಗೆ ಮುಂಚೆ ನಾನು ಧಾರವಾಡದ ಹತ್ತಿರದ ತವರೂರಿನಿಂದ ಗೋಧಿ ಸಂಶೋಧನೆಯ ತಾಕುಗಳಿಗೆ ಕೂಲಿಗೆ ಹೋಗುತ್ತಿದ್ದೆ. ಆರು ಹಿಂಗಾರಿ ಹೋದೆ. ಮೊದಲ ವರ್ಷ ಕಳೆ ತೆಗೆಯುವ ಕೆಲಸ. ಎರಡನೇ ವರ್ಷ ಕೈಗೆ ಚಿಮುಟ ಕೊಟ್ಟು ತೆನೆ ಮುಂದೆ ಕೂರಿಸಿದರು. ತಳಿ ಸಂಕರ ಮಾಡುವ ಕೈಗೆಲಸ ಅಲ್ಲೇ ಕಲಿತದ್ದು. ಅದನ್ನೇ ಈಗ ನಮ್ಮ ಮುಕ್ಕಾಲು ಎಕರೆಯಲ್ಲಿ ಮಾಡುತ್ತಿದ್ದೇನೆ. ಈ ಮಾರ್ಚ್‌ಗೆ ಎಂಟು ಹಿಂಗಾರಿ ಮುಗಿದವು. ನಮ್ಮ ಹಾಗೆ ಸವಳು ತುಂಡು ಇಟ್ಟುಕೊಂಡು, ತಾಳ್ಮೆಯೂ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ನೆಲದ ರೋಗ ಯಾವುದು ತಿಳಿದುಕೊಳ್ಳಿ

ನಾವೆಲ್ಲ ಸುಮ್ನೆ "ಸವಳು" ಅಂತ ಒಂದೇ ಮಾತು ಹೇಳುತ್ತೇವೆ. ಒಳಗೆ ಎರಡು ಬೇರೆ ಬೇರೆ ತೊಂದರೆ ಇವೆ. ಒಂದು, ಉಪ್ಪು ಜಾಸ್ತಿ ಆಗಿರುವುದು. ಬೇಸಿಗೆಯಲ್ಲಿ ಮೇಲೆ ಬಿಳಿ ಹೊರಪದರ ಕಟ್ಟುತ್ತದೆ. ಇನ್ನೊಂದು, ಮಣ್ಣಿಗೆ ಸೋಡಿಯಂ ಅಂಟಿಕೊಂಡು ಕ್ಷಾರ ಆಗಿರುವುದು. ಇಲ್ಲಿ ಬಿಳುಪು ಕಾಣದೇ ಇರಬಹುದು. ಆದರೆ ನೀರು ಇಂಗುವುದಿಲ್ಲ. ಮಳೆಯಾದ ಮೂರನೇ ದಿನವೂ ಕೆಸರು ನಿಂತಿರುತ್ತದೆ, ಒಣಗಿದರೆ ಹಾರೆ ಇಳಿಯುವುದಿಲ್ಲ. ನಮ್ಮ ಎರೆಯಲ್ಲಿ ಜೇಡಿ ಜಾಸ್ತಿ ಇರುವುದರಿಂದ ಸ್ವಲ್ಪ ಸೋಡಿಯಂ ಸೇರಿದರೂ ನೆಲ ಕಟ್ಟಿಕೊಳ್ಳುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆ ನೀರು ಹಾಕಿ. ಬೋರಿನ ನೀರು ಬೇಡ, ಅದರಲ್ಲೇ ಉಪ್ಪಿರುತ್ತದೆ. ಕಡಲೆ ಕಾಳಿನಷ್ಟು ಒಣ ಹೆಂಟೆ ಒಂದನ್ನು ಮೆಲ್ಲಗೆ ಬಿಡಿ. ಅಲುಗಿಸಬೇಡಿ. ರಾತ್ರಿ ಇಟ್ಟು ಬೆಳಗ್ಗೆ ನೋಡಿ. ಹೆಂಟೆ ಒಡೆದು ಕೆಳಗೆ ಕೂತಿದ್ದು, ಮೇಲಿನ ನೀರು ತಿಳಿಯಾಗಿದ್ದರೆ ಸೋಡಿಯಂನ ಕಾಟ ಕಡಿಮೆ. ಹೆಂಟೆಯ ಸುತ್ತ ಚಹಾಕ್ಕೆ ಹಾಲು ಬಿಟ್ಟ ಹಾಗೆ ಮೋಡ ಎದ್ದಿದ್ದರೆ ನಿಮ್ಮದು ಕ್ಷಾರ ನೆಲ. ನಮ್ಮ ತುಂಡಿನ ನಟ್ಟನಡುವಿನ ಹೆಂಟೆ ಲೋಟವನ್ನೇ ಕದಡಿಬಿಟ್ಟಿತು. ಬದುವಿನ ಹತ್ತಿರದ್ದು ತಿಳಿಯಾಗೇ ಇತ್ತು. ಒಂದೇ ಹೊಲದಲ್ಲಿ ಎರಡೂ ಇದ್ದವು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಮಣ್ಣು ಪರೀಕ್ಷೆ ಮಾಡಿಸಿ. ಪಿಎಚ್ 8.5 ದಾಟಿದ್ದರೆ ಕ್ಷಾರ ಅಂತ ಲೆಕ್ಕ. ಉಪ್ಪಿನ ಅಂಶ ಇಸಿ ಅಂತ ಬರುತ್ತದೆ, 4 ದಾಟಿದರೆ ಸವಳು. ಗೋಧಿ ಸುಮಾರು 6ರ ತನಕ ಇಳುವರಿ ಕಳೆದುಕೊಳ್ಳದೆ ತಡೆಯುತ್ತದೆ. ಆದರೆ ಈ 4, 6 ಎಂಬ ಅಂಕಿಗಳು ಮಣ್ಣನ್ನು ಪೂರ್ತಿ ನೆನೆಸಿ ಹಿಂಡಿ ತೆಗೆದ ರಸದ್ದು. ಬಹಳ ಕಡೆ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ಆಗ ಅಂಕಿ ಬಹಳ ಕಡಿಮೆ ಬರುತ್ತದೆ. "ಯಾವ ರೀತಿ ಅಳೆದಿರಿ?" ಎಂದು ಕೇಳಿಯೇ ಚೀಟಿ ತೆಗೆದುಕೊಳ್ಳಿ.

ಇನ್ನೊಂದು ಮಾತು. ತಳಿ ನೆಲವನ್ನು ರಿಪೇರಿ ಮಾಡುವುದಿಲ್ಲ. ಬಸಿಗಾಲುವೆ, ಜಿಪ್ಸಂ, ಹಸಿರೆಲೆ ಗೊಬ್ಬರ ಬೇಕೇ ಬೇಕು. ಅವೆಲ್ಲ ಕೆಲಸ ಮಾಡಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೂ ಆ ನೆಲದಲ್ಲಿ ಏನಾದರೂ ಬೆಳೆಯಬೇಕಲ್ವಾ? ಅದಕ್ಕೆ ತಳಿ.

ತಂದೆ ತಾಯಿ ಆರಿಸುವುದು

ಬಹಳ ಜನ ಕೇಳುತ್ತಾರೆ: "ನಾವು ಬೆಳೆಯೋ ಗೋಧಿಯಲ್ಲೇ ಚೆನ್ನಾಗಿ ಬಂದ ತೆನೆ ಆರಿಸುತ್ತಾ ಹೋದರೆ ಸಾಲದಾ?" ಸಾಲದು. ಗೋಧಿ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಬೆಳೆ. ಬಿಡುಗಡೆಯಾದ ಒಂದು ತಳಿಯ ಚೀಲದಲ್ಲಿ ಗಿಡಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಅದರೊಳಗೆ ದಪ್ಪ ತೆನೆ ಆರಿಸಿದರೆ ಸಿಗುವುದು ಗೊಬ್ಬರ ಬಿದ್ದ ಜಾಗದ ತೆನೆ, ಹೊಸ ಗುಣ ಸಿಗುವುದಿಲ್ಲ. ಗುಣ ಬೇರೆ ಬೇರೆ ಇರುವ ಎರಡು ತಳಿ ಕೂಡಿಸಲೇಬೇಕು.

ಸವಳು ತಡೆಯುವ ಗುಣ ನಮ್ಮ ದೇಶದ ಗೋಧಿಗೆ ಹೆಚ್ಚಾಗಿ ಬಂದದ್ದು ರಾಜಸ್ಥಾನದ ಪಾಲಿ ಕಡೆಯ ಖಾರ್ಚಿಯಾ ಎಂಬ ನಾಟಿ ಗೋಧಿಯಿಂದ. ಅಲ್ಲಿನ ಉಪ್ಪು ನೆಲದಲ್ಲಿ ರೈತರೇ ತಲೆತಲಾಂತರದಿಂದ ಉಳಿಸಿಕೊಂಡು ಬಂದ ಗೋಧಿ ಅದು. ಅದರಿಂದ ಬಂದದ್ದು ಖಾರ್ಚಿಯಾ 65. ಸವಳಿಗೆ ಗಟ್ಟಿ, ಆದರೆ ಎತ್ತರ ಬೆಳೆದು ಮಲಗುತ್ತದೆ, ತುಕ್ಕು ರೋಗ ಬೇಗ ಹತ್ತುತ್ತದೆ, ಕಾಳು ಕೆಂಪು. ಹರಿಯಾಣದ ಕರ್ನಾಲ್‌ನಲ್ಲಿರುವ ಮಣ್ಣಿನ ಲವಣಾಂಶ ಸಂಶೋಧನಾ ಸಂಸ್ಥೆಯವರು ಇದನ್ನು ಡಬ್ಲ್ಯುಎಲ್ 711 ತಳಿಗೆ ಕೂಡಿಸಿ ಕೆಆರ್‌ಎಲ್ 1-4 ಮಾಡಿದರು. ಅದರ ಮಗ ಕೆಆರ್‌ಎಲ್ 19. ನಾನು ಗಂಡಾಗಿ ತೆಗೆದುಕೊಂಡದ್ದು ಈ ಕೆಆರ್‌ಎಲ್ 19. ಪರಿಚಯದವರ ಕೈಯಿಂದ ಎರಡು ಮುಷ್ಟಿ ಬೀಜ ಸಿಕ್ಕಿತ್ತು. ಹೆಣ್ಣು ನಮ್ಮ ಧಾರವಾಡದ ಡಿಡಬ್ಲ್ಯುಆರ್ 162. ಉತ್ತರದ ತಳಿಗಳು ಅಲ್ಲಿನ ಉದ್ದನೆಯ ಚಳಿಗೆ ಒಗ್ಗಿದವು. ನಮ್ಮಲ್ಲಿ ಫೆಬ್ರುವರಿಗೇ ಬಿಸಿಲು ಏರುತ್ತದೆ. ಬೇಗ ಕಾಳು ಕಟ್ಟುವ ಗುಣ ನಮ್ಮ ತಳಿಯಿಂದಲೇ ಬರಬೇಕು.

ನನ್ನ ನಾದಿನಿ ಕೇಳಿದಳು, "ವೈನಿ, ಹುಗ್ಗಿ ಮಾಡೋ ಸದಕದ ಗೋಧಿಗೇ ಈ ಗುಣ ಹಾಕಬಾರದಾ?" ನನಗೂ ಅದೇ ಆಸೆ ಇತ್ತು. ಆದರೆ ಸದಕ, ಅಂದರೆ ಜವೆ ಗೋಧಿಯಲ್ಲಿ 28 ವರ್ಣತಂತು, ಅಂದರೆ ಗುಣಗಳನ್ನು ಹೊತ್ತ ಎಳೆಗಳು. ಚಪಾತಿ ಗೋಧಿಯಲ್ಲಿ 42. ಎರಡನ್ನೂ ಕೂಡಿಸಿದರೆ 35ರ ಮಗು ಹುಟ್ಟುತ್ತದೆ, ಅದರಲ್ಲಿ ಕಾಳು ಸರಿಯಾಗಿ ಕಟ್ಟುವುದಿಲ್ಲ. ಇನ್ನೊಂದು ಕಾರಣವೂ ಇದೆ. ಸೋಡಿಯಂ ಎಲೆಗೆ ಏರದ ಹಾಗೆ ಬೇರಲ್ಲೇ ತಡೆಯುವ ಒಂದು ಮುಖ್ಯ ಗುಣ ಚಪಾತಿ ಗೋಧಿಯ ಹೆಚ್ಚುವರಿ 14 ವರ್ಣತಂತುಗಳಲ್ಲೇ ಕೂತಿದೆ. ಸದಕಕ್ಕೂ, ರವೆ ಮಾಡುವ ಡ್ಯೂರಂ ಗೋಧಿಗೂ ಅವು ಇಲ್ಲ. ಆಸ್ಟ್ರೇಲಿಯಾದವರು ಗೋಧಿಯ ಹಳೆಯ ಬಂಧುವೊಂದರಿಂದ ಅಂಥದೇ ಗುಣವನ್ನು ಡ್ಯೂರಂಗೆ ತಂದರು. ಉಪ್ಪು ಹೊಲದಲ್ಲಿ ಇಳುವರಿ ಶೇಕಡ 25ರಷ್ಟು ಜಾಸ್ತಿ ಬಂತು ಎಂದು 2012ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಾಲಯ ಇದ್ದವರ ಕೆಲಸ. ಮನೆಯ ಹೊಲದಲ್ಲಿ ಶುರು ಮಾಡುವವರು ಚಪಾತಿ ಗೋಧಿಗೆ ಚಪಾತಿ ಗೋಧಿಯನ್ನೇ ಕೂಡಿಸಿ.

ತೆನೆಯ ಮುಂದೆ ಕೂತಾಗ

ಸಂಕರವನ್ನು ಒಳ್ಳೆ ನೆಲದಲ್ಲಿ ಮಾಡಿ. ಸವಳಿನಲ್ಲಿ ಬೇಡ. ಎರಡು ತಳಿಯೂ ಒಂದೇ ದಿನ ಹೂವಿಗೆ ಬರುತ್ತವೆ ಎಂದು ಹೇಳಲಾಗುವುದಿಲ್ಲ. ಆದ್ದರಿಂದ ಗಂಡು ತಳಿಯನ್ನು ಎಂಟೆಂಟು ದಿನ ಬಿಟ್ಟು ಮೂರು ಸಲ ಬಿತ್ತಿ.

ಬೇಕಾದ ಸಾಮಾನು: ಚೂಪು ತುದಿಯ ಚಿಮುಟ, ಸಣ್ಣ ಕತ್ತರಿ, ಬಟರ್ ಪೇಪರ್ ಚೀಲ, ಪಿನ್ನು, ದಾರ ಕಟ್ಟಿದ ಚೀಟಿ, ಪೆನ್ಸಿಲ್. ಪೆನ್ನಿನಲ್ಲಿ ಬರೆಯಬೇಡಿ. ಇಬ್ಬನಿಗೆ ಶಾಯಿ ತೊಳೆದು ಹೋಗಿ, ಮಾರ್ಚ್‌ನಲ್ಲಿ ಕೈಗೆ ಖಾಲಿ ಚೀಟಿ ಬರುತ್ತದೆ.

ಹೆಣ್ಣು ತಳಿಯಲ್ಲಿ ಹೊಡೆಯಿಂದ ಆಗ ತಾನೇ ಹೊರಬಂದ ತೆನೆ ಆರಿಸಿ. ಒಂದು ಹೂ ಬಿಡಿಸಿ ನೋಡಿ. ಒಳಗೆ ಮೂರು ಪರಾಗದ ಚೀಲ ಇರುತ್ತವೆ. ಹಸಿರಾಗಿದ್ದರೆ ಸರಿಯಾದ ಹೊತ್ತು. ಹಳದಿಗೆ ತಿರುಗಿದ್ದರೆ ಆ ತೆನೆ ಬಿಟ್ಟುಬಿಡಿ, ಒಳಗೇ ಕೂಡಿಕೆ ಆಗಿರುತ್ತದೆ.

ತೆನೆಯ ಬುಡದ ಎರಡು ಮೂರು ಕಿರುತೆನೆ, ತುದಿಯವೂ ಕೆಲವು, ಕಿತ್ತು ಹಾಕಿ. ಅವು ಸಣ್ಣವು, ಹೂ ಬಿಡುವ ಹೊತ್ತೂ ಬೇರೆ. ಉಳಿದ ಪ್ರತಿ ಕಿರುತೆನೆಯಲ್ಲಿ ಅಕ್ಕಪಕ್ಕದ ಎರಡು ಹೂ ಬಿಟ್ಟು ನಡುವಿನವನ್ನು ಚಿಮುಟದಿಂದ ಎಳೆದು ತೆಗೆಯಿರಿ. ಉಳಿದ ಹೂಗಳ ಸಿಪ್ಪೆಯ ಮೇಲ್ಭಾಗವನ್ನು ಮೂರರಲ್ಲಿ ಒಂದು ಪಾಲಿನಷ್ಟು ಕತ್ತರಿಸಿ. ಈಗ ಬಾಯಿ ತೆರೆದ ಹಾಗೆ ಕಾಣುತ್ತದೆ. ಚಿಮುಟವನ್ನು ಒಳಗಿಳಿಸಿ ಮೂರೂ ಚೀಲ ಹೊರಗೆ ತೆಗೆಯಬೇಕು. "ಒಂದು, ಎರಡು, ಮೂರು" ಎಂದು ಬಾಯಲ್ಲಿ ಎಣಿಸಿ. ನನಗೆ ಕಲಿಸಿದವರು ಹಾಗೇ ಎಣಿಸುತ್ತಿದ್ದರು, ನಾನು ಈಗಲೂ ಎಣಿಸುತ್ತೇನೆ. ಒಂದು ಒಳಗೆ ಉಳಿದರೂ ಆ ಕಾಳು ತಾಯಿಯ ನಕಲೇ. ಒಂದು ಚೀಲ ಒಡೆದು ಪುಡಿ ಬಿದ್ದರೆ ಆ ಹೂವನ್ನೇ ಕಿತ್ತು, ಚಿಮುಟ ಒರೆಸಿಕೊಳ್ಳಿ. ನಡುವೆ ಕಾಣುವ ಬಿಳಿ ಭಾಗಕ್ಕೆ ಚಿಮುಟ ತಾಗಬಾರದು. ಮುಗಿದ ಮೇಲೆ ತೆನೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿ. ಆಮೇಲೆ ಕಾಗದದ ಚೀಲ ತೊಡಿಸಿ ಪಿನ್ನು ಹಾಕಿ, ತಾರೀಕು ಬರೆದು ಕಟ್ಟಿ.

ಎರಡು ಮೂರು ದಿನ ಬಿಟ್ಟು ಚೀಲದ ಮೇಲ್ತುದಿ ಕತ್ತರಿಸಿ ಇಣುಕಿ ನೋಡಿ. ಹೂವಿನೊಳಗಿನ ಬಿಳಿ ಭಾಗ ಎರಡು ಪುಟ್ಟ ಗರಿಗಳ ಹಾಗೆ ಬಿಚ್ಚಿಕೊಂಡಿದ್ದರೆ ತಯಾರಾಗಿದೆ. ಬೆಳಗ್ಗೆ ಎಂಟರಿಂದ ಹತ್ತರ ಒಳಗೆ, ಗಂಡು ತಳಿಯಲ್ಲಿ ಒಂದೆರಡು ಹಳದಿ ಚೀಲ ಹೊರಗೆ ಜೋತಾಡುತ್ತಿರುವ ತೆನೆ ಕೊಯ್ಯಿರಿ. ಅದರ ಸಿಪ್ಪೆಯ ತುದಿಗಳನ್ನೂ ಕತ್ತರಿಸಿ ಬಿಸಿಲಿಗೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ನಿಮ್ಮ ಕಣ್ಣೆದುರೇ ಹಳದಿ ಚೀಲಗಳು ಒಂದೊಂದಾಗಿ ಮೇಲೆದ್ದು ಹೊರಗೆ ಬರುತ್ತವೆ. ಇಷ್ಟು ವರ್ಷ ಆದರೂ ಆ ಹೊತ್ತಿಗೆ ನಾನು ಮಾತಾಡುವುದಿಲ್ಲ, ನೋಡುತ್ತಾ ನಿಲ್ಲುತ್ತೇನೆ. ತಕ್ಷಣ ಆ ತೆನೆಯನ್ನು ತಲೆಕೆಳಗಾಗಿ ಚೀಲದೊಳಗೆ ಇಳಿಸಿ, ಎರಡು ಬೆರಳಲ್ಲಿ ಕಡೆಗೋಲು ತಿರುಗಿಸಿದ ಹಾಗೆ ತಿರುಗಿಸಿ. ಚೀಲದ ಬಾಯಿ ಮಡಚಿ ಪಿನ್ನು ಹಾಕಿ. ಹೊಸಬರು ಹತ್ತು ಹದಿನೈದು ತೆನೆಯಾದರೂ ಮಾಡಿ. ಕೆಲವದರಲ್ಲಿ ಒಂದು ಕಾಳೂ ಕಟ್ಟುವುದಿಲ್ಲ.

ಎರಡನೇ ವರ್ಷ ಈ ಸಂಕರ ಕಾಳುಗಳನ್ನೂ ಒಳ್ಳೆ ನೆಲದಲ್ಲೇ, ಗೇಣಿಗೊಂದು ಹಾಗೆ ದೂರ ದೂರ ಊರಿ. ಪಕ್ಕದಲ್ಲಿ ತಾಯಿಯದೊಂದು ಸಾಲು, ತಂದೆಯದೊಂದು ಸಾಲು ಇರಲಿ. ತಂದೆಯಲ್ಲಿದ್ದು ತಾಯಿಯಲ್ಲಿ ಇಲ್ಲದ ಒಂದು ಗುರುತು ಮೊದಲೇ ನೋಡಿಟ್ಟುಕೊಂಡಿರಬೇಕು. ಎತ್ತರ, ತೆನೆಯ ಬಣ್ಣ, ಎಲೆಯ ಮೇಲಿನ ಬೂದಿ ಪೊರೆ, ಯಾವುದಾದರೂ ಸರಿ. ತದ್ರೂಪು ತಾಯಿಯ ಹಾಗೇ ಇರುವ ಗಿಡಗಳನ್ನು ಕಿತ್ತು ಹಾಕಿ. ಈ ವರ್ಷ ಆಯ್ಕೆ ಇಲ್ಲ, ಬೀಜ ಹೆಚ್ಚಿಸಿಕೊಳ್ಳುವುದಷ್ಟೇ.

ನಾನು ಎಡವಿದ್ದು

ಮೂರನೇ ವರ್ಷವೇ ನಿಜವಾದ ಆಟ. ಈಗ ಗುಣಗಳು ಒಡೆಯುತ್ತವೆ. ಒಂದು ಗಿಡ ಉದ್ದ, ಒಂದು ಗಿಡ್ಡ, ಒಂದಕ್ಕೆ ಉಪ್ಪು ತಾಗುತ್ತದೆ, ಒಂದಕ್ಕೆ ತಾಗುವುದಿಲ್ಲ. ಇಲ್ಲಿಂದ ಸವಳು ನೆಲಕ್ಕೆ ಇಳಿಯಬೇಕು. ಒಳ್ಳೆ ಹೊಲದಲ್ಲಿ ಆರಿಸಿದ ಗಿಡ ಸವಳಿನಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಬೇಡ.

ನಾನು ಎರಡು ಸಾವಿರ ಕಾಳು ಸವಳಿನಲ್ಲಿ ಊರಿದೆ. ಮುಕ್ಕಾಲು ಭಾಗ ಹಳದಿಯಾಗಿ ಕುಗ್ಗಿತು. ಆದರೆ ಮೂಡಣ ದಿಕ್ಕಿನಲ್ಲಿ ಒಂದಿಷ್ಟು ಗಿಡ ಎದೆಯೆತ್ತಿ ನಿಂತಿದ್ದವು. ಎಲೆ ಕರಿ ಹಸಿರು, ತೆನೆ ತುಂಬು. ಖುಷಿಯಿಂದ ಅದರಲ್ಲಿ 40 ಗಿಡ ಆರಿಸಿ, ಒಂದೊಂದರ ತೆನೆ ಬೇರೆ ಬೇರೆ ಕಟ್ಟಿಟ್ಟೆ. ಮರುವರ್ಷ 40 ಸಾಲು ಹಾಕಿದೆ. 36 ಸಾಲು ಬೇರೆಲ್ಲ ಗಿಡಗಳ ಹಾಗೇ ಹಳದಿಯಾದವು.

ಬದುವಿನ ಮೇಲೆ ಕೂತು ಕಣ್ಣೀರು ಹಾಕಿದೆ. ಅತ್ತೆ ಬುತ್ತಿ ತಂದಿದ್ದರು. ಹೋದ ವರ್ಷ ಎಲ್ಲಿಂದ ಆರಿಸಿದ್ದೆ ಎಂದು ಕೇಳಿದರು. ತೋರಿಸಿದೆ. "ಅಲ್ಲಿ ಮೊದಲ ನಮ್ಮ ತಿಪ್ಪಿ ಇತ್ತಲ್ಲವ್ವಾ," ಎಂದರು. ಮೂವತ್ತು ವರ್ಷದ ಹಿಂದಿನ ತಿಪ್ಪೆ. ಗುಂಡಿ ಮುಚ್ಚಿ ಹೊಲ ಮಾಡಿದ್ದರು. ಆ ಜಾಗದಲ್ಲಿ ಮಣ್ಣು ಇನ್ನೂ ಸಡಿಲ, ನೀರು ಇಂಗುತ್ತಿತ್ತು. ನಾನು ಆರಿಸಿದ್ದು ಒಳ್ಳೆ ಜಾಗವನ್ನು.

ಸವಳು ನೆಲದ ಮುಖ್ಯ ತೊಡಕು ಇದೇ. ಉಪ್ಪು ಹೊಲದ ತುಂಬ ಒಂದೇ ಸಮ ಇರುವುದಿಲ್ಲ. ಹತ್ತು ಹೆಜ್ಜೆಗೆ ಬದಲಾಗುತ್ತದೆ. ಇದಕ್ಕೆ ನಾನು ಈಗ ಮೂರು ಕೆಲಸ ಮಾಡುತ್ತೇನೆ.

ಮೊದಲನೆಯದು, ಹಗ್ಗ ಕಟ್ಟಿ ತುಂಡನ್ನು ಐದೈದು ಅಡಿಯ ಚೌಕ ಮಾಡುವುದು. ಇಡೀ ಹೊಲದಲ್ಲಿ ಯಾವುದು ಚೆನ್ನಾಗಿದೆ ಎಂದು ನೋಡುವುದಿಲ್ಲ. ಪ್ರತಿ ಚೌಕದೊಳಗೆ ಅಕ್ಕಪಕ್ಕದವಕ್ಕಿಂತ ಯಾವುದು ಚೆನ್ನಾಗಿದೆ ಅಂತ ನೋಡಿ, ಒಂದೇ ಗಿಡ ಆರಿಸುತ್ತೇನೆ. ತೀರಾ ಕೆಟ್ಟ ಚೌಕದಲ್ಲಿ ಗಿಡ ಮೊಣಕಾಲೆತ್ತರ ಇದ್ದರೂ ಪರವಾಗಿಲ್ಲ. ಸುತ್ತ ಎಲ್ಲ ಸತ್ತಿರುವಾಗ ಅದು ಕಾಳು ಕಟ್ಟಿದೆ ಎಂದರೆ ಅದರೊಳಗೆ ಏನೋ ಇದೆ. ತಿಪ್ಪೆ ಜಾಗದಲ್ಲಿ ಹೊಳೆಯುವ ಗಿಡಕ್ಕಿಂತ ನನಗೆ ಆ ಬಡ ಗಿಡದ ಮೇಲೆ ನಂಬಿಕೆ ಜಾಸ್ತಿ.

ಎರಡನೆಯದು, ಮುಂದಿನ ವರ್ಷಗಳಲ್ಲಿ ಗಿಡಕ್ಕೊಂದು ಸಾಲು ಹಾಕುವಾಗ, ಪ್ರತಿ ಐದು ಸಾಲಿಗೆ ಒಮ್ಮೆ ತಾಯಿ ತಂದೆ ತಳಿಗಳ ಒಂದೊಂದು ಸಾಲು. ಹೊಸ ಸಾಲನ್ನು ಹತ್ತಿರದ ಆ ಸಾಲುಗಳ ಜೊತೆ ಮಾತ್ರ ಹೋಲಿಸಿ. ಡಿಡಬ್ಲ್ಯುಆರ್ 162 ಕೂಡ ಚೆನ್ನಾಗಿ ಬಂದಿದ್ದರೆ ಅಲ್ಲಿ ಸವಳೇ ಇಲ್ಲ ಅಂತ ಅರ್ಥ, ಆ ಐದು ಸಾಲಿನ ಬಗ್ಗೆ ಏನೂ ತೀರ್ಮಾನ ಮಾಡಬೇಡಿ.

ಮೂರನೆಯದು, ಬೀಜ ಎಲ್ಲವನ್ನೂ ಸವಳಿಗೆ ಸುರಿಯಬೇಡಿ. ಕಾಲು ಭಾಗ ಡಬ್ಬಿಯಲ್ಲಿ ಇರಲಿ. ನನ್ನನ್ನು ಉಳಿಸಿದ್ದು ಅದೇ. ಆ ಡಬ್ಬಿಯ ಬೀಜದಿಂದ ಮೂರನೇ ವರ್ಷದ ಕೆಲಸವನ್ನು ಐದನೇ ವರ್ಷ ಹೊಸದಾಗಿ ಮಾಡಿದೆ.

ಟ್ರೇಯಲ್ಲಿ ಉಪ್ಪು ನೀರು ಹಾಕಿ ಸಸಿ ಪರೀಕ್ಷೆ ಮಾಡುವವರೂ ಇದ್ದಾರೆ. ಲೀಟರಿಗೆ 6 ಗ್ರಾಂ ಅಡುಗೆ ಉಪ್ಪು ಹಾಕಿದರೆ ಇಸಿ ಸುಮಾರು 10 ಆಗುತ್ತದೆ. ತೀರಾ ಸೋತವನ್ನು ತೆಗೆದುಹಾಕಲು ಆಗಬಹುದು. ಆದರೆ ನಮ್ಮಂಥ ಕ್ಷಾರ ನೆಲದಲ್ಲಿ ಉಪ್ಪಿನ ಜೊತೆ ಬೇರಿಗೆ ಗಾಳಿ ಸಿಗದಿರುವುದೂ ಒಂದು ಕಾಟ. ಟ್ರೇ ಅದನ್ನು ತೋರಿಸುವುದಿಲ್ಲ.

ಹಸಿರು ನೋಡಿ ಮೋಸ ಹೋಗಬೇಡಿ

ಜನವರಿಯಲ್ಲಿ ಹಸಿರಾಗಿ ಕಾಣುವ ಸಾಲು ಮಾರ್ಚ್‌ನಲ್ಲಿ ಕಾಳು ಕೊಡುತ್ತದೆ ಅಂತೇನಿಲ್ಲ. ನಾನು ಬರೆದುಕೊಳ್ಳುವುದು ನಾಲ್ಕೇ ವಿಷಯ: ಎಷ್ಟು ಗಿಡ ಹುಟ್ಟಿದವು, ತೆನೆ ಯಾವ ದಿನ ಬಂತು, ಹಳೆ ಎಲೆಗಳ ತುದಿ ಎಷ್ಟು ಸುಟ್ಟಿತು, ಒಂದು ಸಾಲಿನ ಕಾಳು ತಕ್ಕಡಿಯಲ್ಲಿ ಎಷ್ಟು ತೂಗಿತು. ನಾಲ್ಕನೆಯದೇ ತೀರ್ಪು. ತುಕ್ಕು ಹತ್ತಿದ ಸಾಲು ಎಷ್ಟೇ ಸವಳು ತಡೆದರೂ ಮುಲಾಜಿಲ್ಲದೆ ತೆಗೆಯಿರಿ.

ತಳಿ ಯಾವಾಗ ನಿಲ್ಲುತ್ತದೆ? ಲೆಕ್ಕ ಸುಲಭ. ಗುಣ ಒಡೆಯುವ ಆ ಮೊದಲ ವರ್ಷ ಪ್ರತಿ ಗಿಡದಲ್ಲಿ ಸುಮಾರು ಅರ್ಧದಷ್ಟು ಮಿಶ್ರ ಗುಣ. ವರ್ಷಕ್ಕೆ ಅರ್ಧ ಅರ್ಧ ಇಳಿಯುತ್ತದೆ: ಶೇಕಡ 50, 25, 12.5, ಆಮೇಲೆ 6ರ ಸುಮಾರು, ಆಮೇಲೆ 3. ಅಲ್ಲಿಗೆ ಸಾಲಿನ ಗಿಡಗಳೆಲ್ಲ ಒಂದೇ ಸಮ ಕಾಣುತ್ತವೆ. ಸಂಶೋಧಕರು ಬೇಸಿಗೆ ಬೆಳೆಯನ್ನು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲೋ ಹಿಮಾಚಲದ ಲಾಹೌಲ್‌ನಲ್ಲೋ ಬೆಳೆದು ವರ್ಷಕ್ಕೆ ಎರಡು ಪೀಳಿಗೆ ಮಾಡುತ್ತಾರೆ. ನಮಗೆ ವರ್ಷಕ್ಕೆ ಒಂದೇ. ಎಲ್ಲ ಸರಿ ಹೋದರೂ ಏಳೆಂಟು ವರ್ಷ.

ಕಾಯಿದೆಯ ಭಯ ಬೇಡ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ ಪ್ರಕಾರ ರೈತರು ಬೀಜ ಉಳಿಸಿಕೊಳ್ಳಬಹುದು, ಬಿತ್ತಬಹುದು, ಕೊಡುಕೊಳ್ಳಬಹುದು, ಮಾರಲೂಬಹುದು. ನೋಂದಾಯಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವ ಹಾಗಿಲ್ಲ. ತಾವೇ ಮಾಡಿದ ತಳಿಯನ್ನು ರೈತರು ನೋಂದಾಯಿಸಲೂಬಹುದು.

ಕೊನೆಯ ಪರೀಕ್ಷೆ ಅಡುಗೆಮನೆಯಲ್ಲಿ. ಈ ವರ್ಷ ನನ್ನ ಹತ್ತಿರ ಐದು ಸಾಲು ಉಳಿದಿದ್ದವು. ಒಂದೊಂದರಿಂದ ಅಚ್ಚೇರು ಬೀಸಿಸಿ ಚಪಾತಿ ಮಾಡಿದೆ. ತೂಕದಲ್ಲಿ ಮೊದಲು ಬಂದ 22ನೇ ಸಾಲಿನ ಚಪಾತಿ ಆರಿದ ಮೇಲೆ ಚರ್ಮದಂತಾಯಿತು. ಅತ್ತೆ ತಟ್ಟೆ ಸರಿಸಿದರು. ಅದು ಹೋಯಿತು. ಕೆಂಪು ಕಾಳಿನ ಎರಡು ಸಾಲನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ, ಅವನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ, ಮುಂದೆ ತಂದೆಯಾಗಿ ಬೇಕಾಗಬಹುದು. 7 ಮತ್ತು 31ನೇ ಸಾಲು ಉಳಿದವು. ಬೇವಿನ ಎಲೆ ಹಾಕಿ, ಪೆನ್ಸಿಲಿನ ಚೀಟಿ ಒಂದು ಒಳಗೆ, ಒಂದು ಹೊರಗೆ ಇಟ್ಟು ಕಟ್ಟಿದ್ದೇನೆ. ಬರುವ ನವೆಂಬರಿಗೆ ಒಂದೊಂದಕ್ಕೆ ಎರಡು ಗುಂಟೆ, ನಡುವೆ ಡಿಡಬ್ಲ್ಯುಆರ್ 162. ತಿಪ್ಪೆ ಇದ್ದ ಜಾಗಕ್ಕೆ ನಾಲ್ಕು ಗೂಟ ಹೊಡೆದು ಬಿಟ್ಟಿದ್ದೇನೆ. ಅಲ್ಲಿ ಮೆಂತ್ಯ ಹಾಕುತ್ತೇನೆ.